ಅತ್ತಿಯ ಬಾವಿ ಹೊಲ ಮತ್ತು ಊರಿನ ಗಾಯರಾಣ

ನಾನು ಹುಮನಾಬಾದಿನ ಪ್ಯಾಟಿ ಹುಡುಗಿ. ಅಪ್ಪನದು ಕಾಳುಕಡಿಯ ಅಡತ ಅಂಗಡಿ. ಎಪ್ಪತ್ತರ ದಶಕದಲ್ಲಿ ಕೊಹಿನೂರಿಗೆ ಸೊಸೆಯಾಗಿ ಬಂದಾಗ ಜೋಳವನ್ನು ಚೀಲದಲ್ಲಿ ನೋಡಿದ್ದೆನೇ ಹೊರತು ಹೊಲದಲ್ಲಲ್ಲ. ಚಿಗರಿ, ಅಂದರೆ ಕೃಷ್ಣಮೃಗವನ್ನಂತೂ ಕಂಡೇ ಇರಲಿಲ್ಲ.

ಮಾವನವರ ಹೊಲಕ್ಕೆ ಹತ್ತಿಕೊಂಡೇ ಊರಿನ ಗಾಯರಾಣ, ಅಂದರೆ ದನ ಮೇಯಲಿಕ್ಕೆ ಸರಕಾರ ಬಿಟ್ಟ ಹುಲ್ಲಿನ ಜಾಗ. ಗೌಜಗ ಹಕ್ಕಿಗಳು ಅಲ್ಲಿ ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತಿದ್ದವು. ಚಿಗರಿಯ ಹಿಂಡೂ ಇತ್ತು. ಹೊಸದರಲ್ಲಿ ಒಂದು ದಿನ ಅತ್ತಿಯ ಜೊತೆ ಬುತ್ತಿ ಹೊತ್ತು ಹೋಗುವಾಗ ಕರಿ ಬೆನ್ನಿನ ಗಂಡು ಚಿಗರಿಯೊಂದು ದಾರಿಗೆ ಅಡ್ಡ ನಿಂತಿತ್ತು. ನಾನು ಬುಟ್ಟಿ ಇಳಿಸಿ ನೋಡುತ್ತ ನಿಂತುಬಿಟ್ಟೆ.

"ನಡಿಯವ್ವ, ಅದು ನಿನಗ ಹೊಸದು. ನಮ್ಮ ಕಡ್ಲಿ ಹೊಲಕ್ಕ ಹಳೇದು" ಅಂದರು ಅತ್ತಿ.

ಹೊಲಕ್ಕೆ ಬಂದ ಚಿಗರಿಗೆ ಮಾವನವರು ಮೊದಲು ಬಂದೂಕು ಹಾರಿಸುತ್ತಿದ್ದರಂತೆ. ಕಾಡುಪ್ರಾಣಿ ಹೊಡೆಯಬಾರದೆಂಬ ಕಾನೂನು ಬಂದ ಮೇಲೆ ಬಂದೂಕು ಠಾಣೆಗೆ ಒಪ್ಪಿಸಿ ಬಂದರು. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಊರಲ್ಲಿ ಡಂಗುರ ಹೊಡೆದರು. ಮನೆ ಇಲ್ಲದವರಿಗೆ ಗಾಯರಾಣದಲ್ಲಿ ಜಾಗ ಕೊಡುತ್ತಾರೆ, ತಕರಾರು ಇದ್ದವರು ಚಾವಡಿಗೆ ಬರಬೇಕು ಎಂದು. ಮನೆ ಇಲ್ಲದವರು ಅಂದರೆ ಹಳ್ಳದ ದಂಡೆಯ ಗುಡಿಸಲುಗಳಲ್ಲಿದ್ದ ಕೂಲಿಕಾರರು, ಹೆಚ್ಚಿನವರು ಬೌದ್ಧರಾದ ದಲಿತ ಮನೆತನದವರು. ಮಳೆಗಾಲ ಬಂದರೆ ಅವರ ಒಲೆಗೇ ನೀರು ಬರುತ್ತಿತ್ತು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳೂ ಅಲ್ಲೇ ಇದ್ದರು. ನನಗೆ ಕಳೆ ತೆಗೆಯಲು ಕಲಿಸಿದವರು ಅವರು. ನಾನು ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದೆ.

ಬಸವಕಲ್ಯಾಣದಿಂದ ತಹಸೀಲ್ದಾರರು ಬಂದರು. ಗಾಯರಾಣ ಕಾನೂನಿನ ಪ್ರಕಾರ ದನಕ್ಕೆ ಬಿಟ್ಟದ್ದು, ಬೇರೆ ಕೆಲಸಕ್ಕೆ ತಗೊಳ್ಳುವ ಮೊದಲು ಊರವರನ್ನು ಕೇಳಬೇಕು, ಅದಕ್ಕೇ ಬಂದಿದ್ದೇನೆ ಎಂದು ನಿಧಾನವಾಗಿ ಹೇಳಿದರು. ಮೊದಲು ಎದ್ದವರು ನಮ್ಮ ಮಾವ.

"ಸಾಹೇಬ್ರ, ಗಾಯರಾಣ ಹೋದ್ರ ಚಿಗರಿ ಎಲ್ಲಿಗಿ ಹೋಗ್ಬೇಕ್ರಿ? ನಮ್ಮ ಜ್ವಾಳಕ್ಕೇ ಬರ್ತಾವ. ಹೊಡಿಯೂ ಹಂಗೂ ಇಲ್ಲ. ಅವುಗಳ ಜಾಗ ಅವಕ್ಕ ಬಿಡ್ರಿ."

ಕೆಲವರು ನಕ್ಕರು. ಸಾಹೇಬರು ನಗಲಿಲ್ಲ. "ಮನೆ ಇಲ್ಲದವರಿಗೆ ನಾನೇನು ಹೇಳಲಿ ಹಾಗಾದರೆ?" ಎಂದು ಕೇಳಿದರು. ಮಾವನವರು ಕೂತುಬಿಟ್ಟರು.

ಹೆಣ್ಣುಮಕ್ಕಳ ಕಡೆಯಿಂದ ಅಕ್ಕ ಎದ್ದರು. "ನಮಗೂ ಅಲ್ಲಿ ಬ್ಯಾಡ್ರಿ. ನೀರಿಲ್ಲ, ದಾರಿಲ್ಲ. ಹೆರಿಗಿ ನೋವು ಬಂದ್ರ ಊರು ಮುಟ್ಟೂದ್ರಾಗ ಏನಾಗ್ತದೋ. ಊರ ಮಗ್ಗಲಕ್ಕ ಬಾವಿ ಹತ್ರ ಹೊಲ ಅದ. ಅಲ್ಲಿ ಯಾಕ ಕೊಡಬಾರದು?"

ಚಾವಡಿಯೆಲ್ಲ ಮಾವನವರ ಕಡೆ ತಿರುಗಿತು. ಬಾವಿಯ ಹತ್ತಿರದ ಹೊಲ ನಮ್ಮದು. ಖರೆ ಹೇಳಬೇಕೆಂದರೆ ಅತ್ತಿಯದು, ಮದುವೆಯಲ್ಲಿ ತವರಿನವರು ಅವರ ಹೆಸರಿಗೆ ಮಾಡಿಕೊಟ್ಟದ್ದು. ಮೆಂತ್ಯ, ಮೆಣಸಿನಕಾಯಿ, ಒಂದು ಅಂಚಿಗೆ ಸೇವಂತಿಗೆ ಬೆಳೆಯುತ್ತಿದ್ದರು. ಮಾಲಕರು ಒಪ್ಪಿದರೆ ಸರಕಾರ ಕೊಳ್ಳಬಹುದು, ಒತ್ತಾಯವಿಲ್ಲ ಎಂದು ಹೇಳಿ ಸಾಹೇಬರು ಹೊರಟರು.

ನಾವು ಮನೆ ಸೇರುವಷ್ಟರಲ್ಲಿ ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. "ಅವರನ್ನ ಮನಿ ಬಾಗಿಲಿಗಿ ತಂದು ಕೂಡಿಸ್ಕೋತೀರೇನು?" ಎಂದರು. ಮಾವನವರು ಚಪ್ಪಲಿ ಬಿಟ್ಟು ಒಳಗೆ ನಡೆದರು. ಊಟಕ್ಕೆ ಕೂತಾಗ ಅತ್ತಿಯ ಮುಂದೆ ಹೇಳಿದರು: "ಅದು ನಿನ್ನ ತೌರಮನಿ ಹೊಲ. ನೀ ಒಲ್ಲೆ ಅಂದ್ರ ಮುಗೀತು." ಅತ್ತಿ ಒಲ್ಲೆ ಅನ್ನಲಿ ಎಂದೇ ಅವರು ಕಾಯುತ್ತಿದ್ದಂತೆ ನನಗೆ ಕಂಡಿತು.

ಅತ್ತಿ ತಟ್ಟೆಗೆ ರೊಟ್ಟಿ ಹಾಕಿದರು. "ನಾ ಯಾಕ ಒಲ್ಲೆ ಅನ್ಲಿ? ಆ ಹೊಲದಾಗ ನನಕಿಂತ ಜಾಸ್ತಿ ಇವತ್ತ ಚಾವಡ್ಯಾಗ ಎದ್ದಾಕಿ ದುಡದಾಳ. ಚಿಗರಿಗಿ ಜಾಗ ಬೇಕಂತ ಸಭಾದಾಗ ನೀವೇ ಅಂದ್ರಿ. ಮನಶ್ಯಾರಿಗಿ ಬ್ಯಾಡೇನು?"

ಮಾವನವರು ಆ ರೊಟ್ಟಿ ಮುಗಿಸಿ ಕೈತೊಳೆದು ಎದ್ದರು. ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ಸಿಗೆ ಎಲ್ಲರಿಗಿಂತ ಮೊದಲು ಹೋಗಿ ನಿಂತವರು ಅವರೇ.

ಕಚೇರಿಯಲ್ಲಿ ಸಾಹೇಬರು ಅತ್ತಿಯನ್ನು ಕುರ್ಚಿಯಲ್ಲಿ ಕೂಡಿಸಿ, "ಯಾರ ಒತ್ತಾಯವೂ ಇಲ್ಲವಲ್ಲ ಅಮ್ಮ?" ಎಂದು ಕೇಳಿದರು.

"ಇಲ್ರಿ. ಆದ್ರ ಗಾಯರಾಣ ಮುಂದ ಯಾರಿಗೂ ಕೊಡಬಾರದು. ಅಷ್ಟು ಮಾಡ್ರಿ."

"ಹುಲ್ಲುಗಾವಲಾಗಿಯೇ ಉಳಿಯಲಿ ಎಂದು ಬರೆಯುತ್ತೇನೆ. ಕಾಯಬೇಕಾದವರು ಮಾತ್ರ ನೀವು."

ಸೇವಂತಿಗೆ ಗಿಡಗಳನ್ನು ಕಿತ್ತು ಹಿತ್ತಲಿಗೆ ತರುವಾಗ ಅತ್ತಿಯ ಕಣ್ಣು ತೇವವಾಗಿತ್ತು. ಓಣಿಯ ಎರಡು ಮನೆಯವರು ನಮ್ಮ ಜೊತೆ ಬಹಳ ದಿನ ಮಾತು ಬಿಟ್ಟರು. ಆದರೂ ಬಾವಿಯ ಹತ್ತಿರ ಸಾಲಾಗಿ ಮನೆಗಳು ಎದ್ದವು. ಅಕ್ಕನ ಮನೆ ಪ್ರವೇಶಕ್ಕೆ ಅತ್ತಿ ನನ್ನನ್ನು ಕರೆದುಕೊಂಡು ಹೋದರು. ಅಕ್ಕ ಚಹಾದ ಬಟ್ಟಲು ಹಿಡಿದು, ಕೊಡಲೋ ಬೇಡವೋ ಎಂದು ನಿಂತಿದ್ದರು. ಅದುವರೆಗೆ ಅತ್ತಿ ಆ ಮನೆತನದ ನೀರು ಮುಟ್ಟಿದವರಲ್ಲ. ಕೈಚಾಚಿ ತಗೊಂಡರು. "ಸಕ್ಕರಿ ಭಾಳ ಹಾಕೀದಿ" ಅಂದರು. ಅಕ್ಕ ನಕ್ಕರು.

ಮುಂದೆ ಒಬ್ಬ ಗುತ್ತಿಗೆದಾರ ಗಾಯರಾಣದಲ್ಲಿ ಕಲ್ಲು ಒಡೆಯಲು ಲಾರಿ ತಂದ. ಸುದ್ದಿ ತಿಳಿದ ಕೂಡಲೇ ಹೊಸ ಮನೆಗಳಿಂದ ಅಕ್ಕ ಮತ್ತು ಅವರ ಓಣಿಯವರು, ಈ ಕಡೆಯಿಂದ ಮಾವನವರು, ಮಾತು ಬಿಟ್ಟಿದ್ದ ಮನೆಯೊಂದರ ಹಿರಿಯರು ಸಹ ಹೋಗಿ ಹುಲ್ಲಿನ ಅಂಚಿಗೆ ನಿಂತರು. ಸಾಹೇಬರ ಹುಕುಂ ಅಕ್ಕನ ಮಗಳು ಗಟ್ಟಿಯಾಗಿ ಓದಿದಳು. ಲಾರಿ ತಿರುಗಿ ಹೋಯಿತು.

ಊರವರನ್ನು ಕೇಳಲೇಬೇಕು ಎಂದು ಕಾನೂನು ಬರೆದವರು ಯಾರೋ ನನಗೆ ಗೊತ್ತಿಲ್ಲ. ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಕೇಳಿದಾಗ ಎದ್ದು ನಿಂತ ಅಕ್ಕನಿಗೂ, ಒಲ್ಲೆ ಅನ್ನದ ಅತ್ತಿಗೂ ನನ್ನ ಋಣ ದೊಡ್ಡದು. ಪ್ಯಾಟಿಯಲ್ಲೇ ಉಳಿದಿದ್ದರೆ ಇವರನ್ನು ನಾನು ಎಲ್ಲಿ ಕಾಣುತ್ತಿದ್ದೆ?