ಅಂಗೈ ಹೊರಳಿಸುವ ಕೀಲು

ಮೊಣಕೈಗೆ ಮಡಚುವುದೊಂದೇ ಕೆಲಸವೆಂದು ನಾನು ಅರವತ್ತರ ಹತ್ತಿರ ಬರುವವರೆಗೂ ನಂಬಿದ್ದೆ. ಶಾಲೆಯಲ್ಲಿ ಕಲಿತು ನೆನಪುಳಿದದ್ದೂ ಅಷ್ಟೇ: ಭುಜದ್ದು ಚೆಂಡು ಮತ್ತು ಗುಳಿಯ ಕೀಲು, ಎತ್ತ ಬೇಕಾದರೂ ತಿರುಗುತ್ತದೆ, ಮೊಣಕಾಲು, ಮೊಣಕೈಗಳದ್ದು ಬಾಗಿಲಿನ ಬಿಜಾಗರಿಯಂಥದ್ದು. ನೋಯದ ಕೀಲು ಮೈಯಲ್ಲಿದೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ.

ಪಾರಿಶ್ವಾಡದ ನನ್ನ ಅಕ್ಕ ಹಿತ್ತಲಲ್ಲಿ ಜಾರಿಬಿದ್ದು ಎಡ ಮೊಣಕೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮಕ್ಕೆಂದು ಬೆಳಗಾವಿಗೆ, ನಮ್ಮ ಮನೆಗೆ ಬಂದಳು. ಕೈ ಚೆನ್ನಾಗಿಯೇ ಮಡಚುತ್ತಿತ್ತು. ಆದರೆ ಅಂಗೈ ಮೇಲ್ಮುಖವಾಗಿ ಹೊರಳುತ್ತಿರಲಿಲ್ಲ. ಬೇರೆಯವರಿಗೆ ಇದು ಸಣ್ಣ ಕೊರತೆಯಿರಬಹುದು. ಅಕ್ಕನೋ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನನ್ನೂ ಹಾಕಿಕೊಂಡವಳಲ್ಲ.

ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಹುಡುಗಿ ನಮಗೆ ತಿಳಿಸಿ ಹೇಳಿದಳು. ಮುಂಗೈಯಲ್ಲಿ ಎರಡು ಎಲುಬುಗಳಿವೆ. ಒಂದು ಇನ್ನೊಂದರ ಸುತ್ತ ಹೊರಳಿದರೆ ಮಾತ್ರ ಅಂಗೈ ಮೇಲಾಗುತ್ತದೆ. ಅದು ಮೊಣಕೈಯಲ್ಲೇ ಇರುವ ತಿರುಗಣಿ ಕೀಲಿನ ಕೆಲಸ, ಬಿಗಿದಿರುವುದು ಅದೇ.

“ಮದಲಿನಂಗ ಆಗತೈತೇನವಾ?” ಎಂದಳು ಅಕ್ಕ.

“ಸುಳ್ಳ ಹೇಳಂಗಿಲ್ರೀ ಅವ್ವಾರ. ಪೂರ್ತಿ ಹೊಳ್ಳೂದು ಕಷ್ಟ ಐತಿ.”

ಅಕ್ಕ ಲಟ್ಟಣಿಗೆ ಹಿಡಿದು ಹಗಲೆಲ್ಲ ಮುಂಗೈ ಹೊರಳಿಸುತ್ತಿದ್ದಳು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅಂಗೈ ಮುಕ್ಕಾಲು ಪಾಲು ಹೊರಳಿತು, ಅಲ್ಲಿಗೇ ನಿಂತಿತು. ಲಿಂಗವಿಟ್ಟರೆ ಜಾರುವಷ್ಟು ಇಳಿಜಾರು ಉಳಿಯಿತು. ಸಣ್ಣ ತಟ್ಟೆಯಲ್ಲಿಟ್ಟು ಪೂಜಿಸಬಾರದೇ ಎಂದು ನಾನು ಜಾಣತನ ತೋರಿಸಿದೆ. ಅವಳು ಗೋಡೆಯ ಕಡೆ ತಿರುಗಿದಳು.

ಆಮೇಲೆ ಕೆಲವು ಬೆಳಗು ನಾನೇ ಸ್ನಾನ ಮಾಡಿ ಲಿಂಗ ಜಾರದಂತೆ ಅವಳ ಅಂಗೈಯ ಅಡಿಗೆ ನನ್ನ ಅಂಗೈ ಆನಿಸಿ ಕೂತೆ. ಹಬ್ಬಕ್ಕಷ್ಟೇ ವಿಭೂತಿ ಹಚ್ಚುವ ಆಸಾಮಿ ನಾನು. ನನಗೆ ತ್ರಾಸಾಗಬಾರದೆಂದು ಅವಳು ಪೂಜೆಯನ್ನು ಅವಸರದಲ್ಲಿ ಮುಗಿಸುತ್ತಿದ್ದಾಳೆಂದು ತಿಳಿದಾಗ ಸಂಕಟವಾಯಿತು.

ಒಂದು ಮುಂಜಾನೆ ಅವಳು ನನ್ನನ್ನು ಕರೆಯಲಿಲ್ಲ. ಹೋಗಿ ನೋಡಿದೆ. ಮೊಣಕೈಯನ್ನು ಹೊಟ್ಟೆಯ ಮುಂದಕ್ಕೆ ಎಳೆದುಕೊಂಡು, ಇಡೀ ಮೈಯನ್ನು ಎಡಕ್ಕೆ ವಾಲಿಸಿ ಕೂತಿದ್ದಳು. ತಿರುಗಣಿ ಕೀಲು ಉಳಿಸಿದ್ದ ಇಳಿಜಾರನ್ನು ಭುಜವೂ ನಡುವೂ ಸೇರಿ ತುಂಬಿಕೊಟ್ಟಿದ್ದವು. ಅಂಗೈಯಲ್ಲಿ ಲಿಂಗ ಅಲುಗದೆ ಕೂತಿತ್ತು.

ಪೂಜೆ ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಹೀಗೆ ದಿನಾ ಕೂತರೆ ನಡು ನೋಯುವುದಿಲ್ಲವೇ ಎಂದು ಕೇಳಿದೆ.

ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡು, “ನೋಯತೈತಿ ತಮ್ಮಾ,” ಅಂದಳು. “ಕೈಗೆ ಆಗೂದಿಲ್ಲ ಅಂದಮ್ಯಾಲ ನಾನ ಒಂದೀಟು ವಾಲಬೇಕಲ್ಲ.”