ಮಾವನವರು ಬಿಟ್ಟ ಚೌಕ

ದೆವ್ವದ ಮಾತು ಬಂದಲ್ಲಿ ಎದ್ದು ಹೋಗುವವಳು ನಾನು. ಸತ್ತವರು ಬಂದರಂತೆ, ಕಂಡರಂತೆ ಎಂದು ಯಾರಾದರೂ ಶುರು ಮಾಡಿದರೆ ನಗು ತಡೆಯಲು ಆಗುತ್ತಿರಲಿಲ್ಲ. ಈಗ ನಂಬಿಕೆ ಬಂದಿದೆ ಎಂದು ಸಾರಲು ಇದನ್ನು ಬರೆಯುತ್ತಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಬಿಡಿಸಬಲ್ಲವರು ಬಿಡಿಸಲಿ.

ಎರಡು ಸಾವಿರದ ಆರೋ ಏಳೋ ಇರಬೇಕು. ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ಸೀರೆಯ ದಡಿಗೆ ಬೇಕಾದ ಹೂವು, ಗೋಪುರಗಳನ್ನು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆಯುತ್ತಿದ್ದವರು ನಮ್ಮ ಮಾವ. ಆ ನಕ್ಷೆಗಳೇ ಮನೆಯ ಆಸ್ತಿ. ಬದುಕಿರುವತನಕ ಸೊಸೆಗೆ ಒಂದು ಹಾಳೆಯನ್ನೂ ಮುಟ್ಟಗೊಡಲಿಲ್ಲ. ಅವರು ತೀರಿಕೊಂಡ ಮೇಲೆ ಹಾಳೆಗಳಿಗೆ ಇಲಿಗಳು ಬಾಯಿ ಹಾಕಿದವು. ಮದುವೆಗೆ ಮೊದಲು ರೋಣದಲ್ಲಿ ಕಂಪ್ಯೂಟರ್ ಕಲಿತಿದ್ದವಳು ನಾನು. ಹಟ ಹಿಡಿದು ಒಂದು ಹಳೆಯ ಯಂತ್ರ ತರಿಸಿ, ನಕ್ಷೆಗಳನ್ನು ಅದರೊಳಗೆ ತುಂಬಿಸತೊಡಗಿದೆ. ಬಣ್ಣ ಕೂಡಿಸುವುದು ಮೈದುನನ ಕೆಲಸ, ಅವನ ಕಂಪ್ಯೂಟರ್ ಮಾಳಿಗೆ ಕೋಣೆಯಲ್ಲಿ. ಕಿಟಕಿಯಿಂದ ತಂತಿ ಎಳೆದು ಎರಡನ್ನೂ ಜೋಡಿಸಿ ನಕ್ಷೆಗಳ ಫೋಲ್ಡರನ್ನು ಶೇರ್ ಮಾಡಿದೆವು. ದಿನವಿಡೀ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾ ಕೂರುವುದು ನನಗೆ ತಪ್ಪಿತು.

ಅಷ್ಟರಲ್ಲಿ ನಮ್ಮದೇ ದಡಿಯ ಸೀರೆ ನರಗುಂದದ ಒಂದು ಅಂಗಡಿಯಲ್ಲಿ ಕಂಡಿತೆಂದು ಬೀಗರೊಬ್ಬರು ಸುದ್ದಿ ತಂದರು. ನಾವು ಅಲ್ಲಿಗೆ ಕೊಟ್ಟೇ ಇರಲಿಲ್ಲ. ಅತ್ತೆ ಮಾಳಿಗೆಯತ್ತ ಹೋದ ತಂತಿಯನ್ನೇ ನೋಡಿದರು.

"ಆ ತಂತಿ ಹಿಡದು ಎಲ್ಲಾರ ಮನಿಗೂ ಹೊಕ್ಕೈತಿ ನಮ್ಮ ನಕ್ಷಿ. ಇನ್ನೊಮ್ಮೆ ಯಾರರ ಕೈಯಾಡಿಸಿದ್ದು ತಿಳೀತಂದ್ರ ಮಶಿನ್ ಹೊರಗ. ನೀ ಮದ್ಲಿನಂಗ ಕಂಡಿಕಿ ಸುತ್ತು."

ಸಿಟ್ಟು ನೆತ್ತಿಗೇರಿತು. ಆದರೆ ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಮೈದುನನ ಗೆಳೆಯರು ಆಟ ಆಡಲು ತಮ್ಮ ಕಂಪ್ಯೂಟರ್ ತಂದು ಅದೇ ಜಾಲಕ್ಕೆ ಸಿಕ್ಕಿಸುತ್ತಿದ್ದರು, ನಮ್ಮ ಫೋಲ್ಡರೋ ಬಾಗಿಲಿಲ್ಲದ ಮನೆ. ಅಂದೇ ಕೂತು ಪಾಸ್‌ವರ್ಡಿನ ಬೀಗ ಹಾಕಿದೆ. ಮೈದುನ ನೋಡಬಹುದು, ಬದಲಿಸುವಂತಿಲ್ಲ ಎಂದು ಮಾಡಿದೆ. ಇಂಟರ್‌ನೆಟ್ಟಿನ ಫೋನ್ ತಂತಿ ಕಿತ್ತೆ. ಇನ್ನು ಬ್ರಹ್ಮ ಬಂದರೂ ಒಂದು ಚೌಕ ಅಲುಗದು ಎಂದು ಅತ್ತೆಯ ಮುಂದೆ ಹೇಳಿಯೂ ಬಿಟ್ಟೆ.

ಆಮೇಲೆ ಕೈಗೆತ್ತಿಕೊಂಡದ್ದು ಮಾವನವರ ಕೊನೆಯ ನಕ್ಷೆ, ಒಂದು ಗೋಪುರ ದಡಿ. ಅದರ ಬಲ ಮೂಲೆಯಲ್ಲಿ ಒಂದು ಚೌಕ ಖಾಲಿ ಇತ್ತು. ವಯಸ್ಸಾಗಿ ಕಣ್ಣು ಮಂಜಾಗಿ ಬಿಟ್ಟಿರಬೇಕೆಂದು ತುಂಬಿದೆ, ಪ್ರಿಂಟ್ ತೆಗೆದೆ. ಮರುದಿನ ಮನೆಗೆ ಬೀಗ ಜಡಿದು ಎಲ್ಲರೂ ಲಕ್ಕಲಕಟ್ಟಿಗೆ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋದೆವು. ಮೈದುನನ ಯಂತ್ರ ಅದಕ್ಕೂ ಮೊದಲೇ ರಿಪೇರಿಗೆಂದು ರೋಣಕ್ಕೆ ಹೋಗಿತ್ತು. ಸಂಜೆ ಬಂದು ಫೈಲ್ ತೆರೆದರೆ ಆ ಚೌಕ ಖಾಲಿ.

ಸೇವ್ ಮಾಡಲು ಮರೆತಿದ್ದಿ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಮತ್ತೆ ತುಂಬಿ, ಸೇವ್ ಮಾಡಿ, ಮುಚ್ಚಿ ತೆರೆದು ನೋಡಿ ಖಾತ್ರಿ ಮಾಡಿಕೊಂಡೆ. ಪಾಸ್‌ವರ್ಡ್ ಬದಲಿಸಿದೆ, ಗಂಡನಿಗೂ ಹೇಳಲಿಲ್ಲ. ಜಾಲದ ತಂತಿಯನ್ನು ಯಂತ್ರದಿಂದಲೇ ಕಿತ್ತು ಸುತ್ತಿಟ್ಟೆ. ಮರುದಿನ ಬೆಳಗಿನಿಂದ ಕರೆಂಟ್ ಇರಲಿಲ್ಲ. ಮಧ್ಯಾಹ್ನ ಬಂದ ಕೂಡಲೇ ಹಚ್ಚಿ ನೋಡಿದೆ. ಚೌಕ ಮತ್ತೆ ಖಾಲಿಯಾಗಿತ್ತು.

ಗಂಡ ವೈರಸ್ ಎಂದರು. ವೈರಸ್ಸಿಗೆ ನಮ್ಮ ದಡಿಯ ಮೂಲೆ ಹೇಗೆ ಗೊತ್ತು ಎಂದು ಕೇಳಿದೆ. ಅವರು ಚಹಾ ಕುಡಿದು ಎದ್ದುಹೋದರು.

ಬಾಯಿ ಮುಚ್ಚಿಕೊಂಡಿದ್ದರೆ ಯಂತ್ರ ಉಳಿಯುತ್ತಿತ್ತು. ಹೇಳಿದರೆ ಅತ್ತೆ ಅಂದೇ ಹೊರಗೆ ಹಾಕಿಸುತ್ತಿದ್ದರು. ಆದರೂ ಕಳ್ಳಿಯ ಹಾಗೆ ಕೆಲಸ ಮಾಡುವುದು ನನ್ನಿಂದಾಗದು. ಅವರನ್ನು ಕರೆದು ಕುರ್ಚಿಯ ಮೇಲೆ ಕೂರಿಸಿ, ನಡೆದದ್ದೆಲ್ಲ ಹೇಳಿ, ಚೌಕ ತುಂಬಿದ್ದ ಪ್ರಿಂಟು, ಈಗಿನ ಪರದೆ ಎರಡನ್ನೂ ತೋರಿಸಿದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಪರದೆಯ ಖಾಲಿ ಚೌಕದ ಮೇಲೆ ಬೆರಳಿಟ್ಟರು.

"ಅವರು ಯಾವಾಗ್ಲೂ ಒಂದ್ ಚೌಕ ಬಿಡ್ತಿದ್ರು. ಪೂರಾ ತುಂಬಿದ್ರ ಮಂದಿ ಕಣ್ಣ ಹತ್ತತೈತಿ ಅಂತಿದ್ರು."

ನನಗೆ ಯಾರೂ ಹೇಳಿರಲಿಲ್ಲ. ಹಿಂದಿನ ಹಾಳೆಗಳಲ್ಲಿ ಆ ಖಾಲಿ ಚೌಕ ಹೂವಿನ ನಡುವೆ ಬಿದ್ದು ಹೂವಿನ ಭಾಗದಂತೆಯೇ ಕಂಡಿತ್ತು.

ಅತ್ತೆ ಕಣ್ಣು ಒರೆಸಿಕೊಂಡರು. "ಆ ಬೀಗ ತಗದುಬಿಡವಾ. ಅವರು ಬಂದು ಹೋಗ್ಲಿ."

"ಬೀಗ ಇದ್ದಾಗ್ಲೂ ಬಂದಾರಲ್ರಿ ಅತ್ತಿ," ಎಂದೆ. "ಬೀಗ ಬ್ಯಾರೆದವರಿಗೆ. ತಗಿಯಂಗಿಲ್ಲ."

ಯಂತ್ರ ಉಳಿಯಿತು, ಬೀಗವೂ ಉಳಿಯಿತು. ಆ ದಡಿಯನ್ನು ಚೌಕ ಖಾಲಿ ಬಿಟ್ಟೇ ನೇಯ್ದೆವು. ಮುಂದೆ ನಾನೇ ಹೊಸ ನಕ್ಷೆ ಬರೆಯತೊಡಗಿದಾಗಲೂ ಒಂದು ಚೌಕ ಬಿಡುತ್ತಾ ಬಂದೆ. ಹೆದರಿ ಅಲ್ಲ, ಅದು ನಮ್ಮ ಮನೆಯ ಗುರುತೆಂದು.

ಆದರೆ ಸುಮ್ಮನೆ ಸೋಲುವವಳು ನಾನಲ್ಲ. ಆ ಗೋಪುರ ದಡಿಯ ಒಂದು ಪ್ರತಿ ಮಾಡಿ, ಚೌಕ ತುಂಬಿ, ಅದೇ ಫೋಲ್ಡರಿನಲ್ಲಿಟ್ಟೆ. ಸೊಸೆ ಹಾಳೆ ಮುಟ್ಟಿದ್ದಾಳೆ, ತಾಕತ್ತಿದ್ದರೆ ಬಂದು ಅಳಿಸಿ ಎಂದು ಮನಸ್ಸಿನಲ್ಲೇ ಮಾವನವರಿಗೆ ಹೇಳಿದೆ. ಆಮೇಲೆ ಎಷ್ಟೋ ಕಂಪ್ಯೂಟರ್ ಬದಲಾದವು. ಆ ಫೈಲನ್ನು ಪ್ರತಿ ಸಲ ಜೊತೆಗೇ ತಂದಿದ್ದೇನೆ. ಹೊಸ ನಕ್ಷೆ ಮುಗಿದ ದಿನ ಅದನ್ನೊಮ್ಮೆ ತೆರೆದು ನೋಡುತ್ತೇನೆ. ಚೌಕ ಇವತ್ತಿಗೂ ತುಂಬಿಯೇ ಇದೆ. ಅವತ್ತು ಯಾರು ಅಳಿಸಿದರೋ ನನಗೆ ಗೊತ್ತಿಲ್ಲ. ಈಗ ಯಾರೂ ಅಳಿಸುತ್ತಿಲ್ಲವೆಂದು ನನಗೇಕೆ ಸಿಟ್ಟು ಬರಬೇಕು, ಅದೂ ಗೊತ್ತಿಲ್ಲ.