ಬೀಳಲು ಮನೆಯಿಲ್ಲದವಳು

“ನಿಮ್ಮ ಮನಿ ಬಿದ್ದದೇನವ್ವಾ?”

ಖೋಖೋ ಪಂದ್ಯಕ್ಕೆ ಹೆಸರು ಕೊಡಲು ಬಂದ ಕುರಿಗಾರರ ಹುಡುಗಿ ಮಾಳಮ್ಮನನ್ನು ಕೇಳಿದೆ. ಕಂಕುಳಲ್ಲಿ ಕುರಿಮರಿ ಹಿಡಿದು ನಿಂತಿದ್ದಳು. ಮಹಾರಾಷ್ಟ್ರದ ಗಡಿಯ ಉಮರ್ಗಾದ ಹತ್ತಿರ, ಭೂಕಂಪದಲ್ಲಿ ಮನೆ ಕಳೆದುಕೊಂಡವರ ತಗಡಿನ ಶೆಡ್ಡುಗಳ ಮುಂದಿನ ಬಯಲು ಅದು. ನೊಂದ ಮಕ್ಕಳು ಎಲ್ಲರೊಡನೆ ಬೆರೆಯಲಿ ಎಂದು ಪುಣೆಯ ಸಂಸ್ಥೆಯೊಂದು ಪಂದ್ಯ ಏರ್ಪಡಿಸಿತ್ತು. ‘ಇಲ್ಲಿ ಯಾರೂ ಹೊರಗಿನವರಲ್ಲ’ ಎಂಬ ದೊಡ್ಡ ಬ್ಯಾನರನ್ನೂ ಕಟ್ಟಿತ್ತು. ಶಾಲೆಯ ಶಿಕ್ಷಕಿಯಾದ ನನಗೆ ಕೊಟ್ಟ ಹಾಳೆಯಲ್ಲಿ ಹೆಸರಿನ ಪಕ್ಕ ‘ಮನೆ ಬಿದ್ದಿದೆಯೇ’ ಎಂಬ ಕಾಲಂ ಇತ್ತು. ಬಿದ್ದಿಲ್ಲವೆಂದರೆ ಆಟಕ್ಕಿಲ್ಲ.

“ನಮಗ ಮನಿನೇ ಇಲ್ರೀ ಅಕ್ಕೋರೆ, ಬೀಳೋದೇನು? ಕುರಿ ಜೋಡಿ ಹೊಲದಾಗ ಮಲ್ಕೊಂಡಿದ್ದಿವಿ. ಅದಕ್ಕೇ ಉಳದೀವಿ.”

ಸಂಸ್ಥೆಯ ಯುವಕನ ಮುಖ ನೋಡಿದೆ. ಆತ ಹಾಳೆ ನೋಡಿ, ಆಗದು ಎಂದು ತಲೆಯಾಡಿಸಿದ. ಮಾಳಮ್ಮ ಹೋಗಿ ಬ್ಯಾನರಿನ ನೆರಳಲ್ಲಿ ಕುಳಿತಳು.

ಆಟ ರಂಗೇರಿದಾಗ ಅವಳ ಕುರಿಮರಿ ಕೈಜಾರಿ ಅಂಗಳಕ್ಕೆ ನುಗ್ಗಿತು. ಅದರ ಹಿಂದೆಯೇ ಅವಳೂ ಓಡಿದಳು. ಸಾಲಾಗಿ ಕೂತಿದ್ದ ಎಂಟು ಹುಡುಗಿಯರ ನಡುವೆ ನುಸುಳಿ, ಅಟ್ಟುತ್ತಿದ್ದವಳಿಂದ ತಪ್ಪಿಸಿಕೊಂಡು, ಮರಿಯನ್ನು ಎತ್ತಿಕೊಂಡು ನಕ್ಕಳು. ಬಯಲೆಲ್ಲ ಚಪ್ಪಾಳೆ. ಸಂಸ್ಥೆಯವರ ಕ್ಯಾಮೆರಾ ಕ್ಲಿಕ್ ಎಂದಿತು.

ವರ್ಷದ ಕೊನೆಗೆ ಸಂಸ್ಥೆಯ ಪುಸ್ತಿಕೆ ಅಂಚೆಯಲ್ಲಿ ಬಂತು. ಎಲ್ಲರನ್ನೂ ಆಟಕ್ಕೆ ಸೇರಿಸಿಕೊಂಡ ಸಾಧನೆಯ ವರದಿ. ಮುಖಪುಟದ ತುಂಬ ಮಾಳಮ್ಮನ ನಗು. ಒಳಗೆ ಆಡಿದವರ ಪಟ್ಟಿ, ನನ್ನದೇ ಅಕ್ಷರದಲ್ಲಿ. ಅದರಲ್ಲಿ ಅವಳ ಹೆಸರಿಲ್ಲ.